ಬುಧವಾರದ ಅಜ್ಜಿ

ಗಿಣಿ ಶಾಲೆಯಿಂದ ತಂದ ಕಾಗದವನ್ನು ಅಪ್ಪನ ತಟ್ಟೆಯ ಪಕ್ಕಕ್ಕೆ ಸರಿಸಿ, ಸಹಿ ಹಾಕುವ ಜಾಗವನ್ನು ಬೆರಳಿನಿಂದ ತೋರಿಸಿ, ಮತ್ತೆ ತನ್ನ ಆಲೂಗಡ್ಡೆಗೆ ಕೈ ಹಾಕಿದಳು. ಮಾತಿಲ್ಲ, ಕತೆಯಿಲ್ಲ. ಮೂರು ವರ್ಷದವಳಿದ್ದಾಗ ಬಾಯಿ ಮುಚ್ಚದೆ ವಟವಟ ಅನ್ನುತ್ತಿದ್ದಳೆಂದು ಅಜ್ಜಿಯೇ ಇಟ್ಟ ಅಡ್ಡಹೆಸರು ಗಿಣಿ. ಈಗ ಅವಳಿಗೆ ಹದಿನೈದು. ಹೆಸರು ಉಳಿದಿತ್ತು, ಮಾತು ಎತ್ತಲೋ ಹಾರಿಹೋಗಿತ್ತು.

"ಏನಿದು?" ಅಪ್ಪ ಕಾಗದವನ್ನು ದೀಪಕ್ಕೆ ಹಿಡಿದ. "ಹನ್ನೆರಡು ವಾರ ಸಮಾಜಸೇವೆ, ವಾರಕ್ಕೊಂದು ಗಂಟೆ. ಆಮೇಲೆ ಎರಡು ದಿನ ಬೆಟ್ಟದಲ್ಲಿ ನಡೆಯೋದು. ನಕ್ಷೆ ನೋಡ್ಕೊಂಡು ದಾರಿ ಹುಡುಕೋದು, ಡೇರೆ ಹಾಕ್ಕೊಂಡು ಮಲಗೋದು. ಮೇಷ್ಟ್ರು ಜೊತೆಗಿರಲ್ವಂತೆ! ಇದ್ಯಾವ ಪಾಠಾನಪ್ಪ, ಮಕ್ಕಳನ್ನ ಬೆಟ್ಟಕ್ಕೆ ಬಿಟ್ಟು ಬರೋದು?"

"ಹಿಂದೇನೇ ಬರ್ತಾರೆ. ಕಣ್ಣಿಗೆ ಬೀಳಲ್ಲ ಅಷ್ಟೇ," ಅಂದಳು ಗಿಣಿ.

"ಹೋಗ್ಲಿ ಬಿಡಿ," ಅಂದಳು ಗಿಣಿಯ ಅಮ್ಮ, ಅಜ್ಜಿಯ ಸೊಸೆ. "ನಾಲ್ಕು ಜನರ ಜೊತೆ ಬೆರೀಲಿ. ಮನೇಲಿದ್ರೆ ಗೋಡೆ ನೋಡ್ಕೊಂಡು ಕೂರ್ತಾಳೆ."

ಅಜ್ಜಿ ಬ್ರೆಡ್ಡಿನ ಅಂಚು ಮುರಿಯುತ್ತ ಕೇಳಿದಳು: "ಸೇವೆ ಅಂದ್ರೆ ಏನೇ ಮಾಡ್ಬೇಕು?"

"ವಯಸ್ಸಾದವರ ಹತ್ರ ಕೂತು ಮಾತಾಡೋದು. ಕಾಲುವೆ ಪಕ್ಕ ಹಿರಿಯರ ಕೇಂದ್ರ ಇದೆಯಲ್ಲ, ಅಲ್ಲಿ. ಪ್ರತಿ ಬುಧವಾರ."

ಅಜ್ಜಿಗೆ ನಗು ಬಂತು. "ಅದಕ್ಕೆ ಅಷ್ಟು ದೂರ ಯಾಕೆ ಹೋಗ್ತೀಯೇ? ಒಬ್ಬಳು ಮುದುಕಿ ಇಲ್ಲೇ ಬಿದ್ದಿದಾಳಲ್ಲ. ಬಸ್ಸೂ ಹತ್ತೋದು ಬೇಡ."

"ಮನೆಯವರು ಲೆಕ್ಕಕ್ಕಿಲ್ಲ ಅಜ್ಜಿ. ಹಿಂದ್ಗಡೆ ಬರೆದಿದೆ ನೋಡು."

ಅಜ್ಜಿಯ ಮಗ ಕಾಗದ ತಿರುಗಿಸಿ ನೋಡಿದ. ಹಾಗೇ ಬರೆದಿತ್ತು. ಅವನು ಸಹಿ ಹಾಕಿದ.

*

ಮಗ ಲಿಫ್ಟ್ ರಿಪೇರಿಯವನು. ಊರಿನ ಎತ್ತರದ ಕಟ್ಟಡಗಳಲ್ಲಿ ಯಾರು ಎಲ್ಲಿ ಮಹಡಿಗಳ ನಡುವೆ ಸಿಕ್ಕಿಕೊಂಡರೂ ಇವನ ಫೋನು ಬಡಿದುಕೊಳ್ಳುತ್ತಿತ್ತು. ಅವನ ಸ್ವಂತ ಮನೆ ಮಾತ್ರ ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ. "ವೈದ್ಯರ ಮನೇಲೇ ಔಷಧಿ ಇಲ್ಲದ ಹಾಗಾಯ್ತು ನಂದು," ಎಂದು ಅವನೇ ನಗುತ್ತಿದ್ದ. ಐವತ್ತನಾಲ್ಕು ಮೆಟ್ಟಿಲುಗಳು ಅಜ್ಜಿಯ ಮಂಡಿಗೆ ನಗುವ ವಿಷಯವಾಗಿರಲಿಲ್ಲ. ಸೊಸೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಏಳಕ್ಕೇ ಹೋಗಿ ಖಾಲಿ ಹೊಟ್ಟೆಯಲ್ಲಿ ಬಂದವರ ತೋಳು ಹುಡುಕಿ ಸೂಜಿ ಚುಚ್ಚಬೇಕು.

ಹಾಗಾಗಿ ಎಂಟೂವರೆಗೆಲ್ಲ ಮನೆ ಖಾಲಿ. ಅಜ್ಜಿ ಪಾತ್ರೆ ತೊಳೆದು, ಬಟ್ಟೆ ಮಡಚಿ, ಬೀನ್ಸ್ ಹೆಚ್ಚಿಡುತ್ತಿದ್ದಳು. ಎಷ್ಟು ನಿಧಾನ ಮಾಡಿದರೂ ಹತ್ತು ಗಂಟೆಗೆ ಬೀನ್ಸ್ ಮುಗಿದುಹೋಗುತ್ತಿತ್ತು. ಅಲ್ಲಿಂದ ಐದರವರೆಗೆ ಅವಳು ಮತ್ತು ರೇಡಿಯೊ. ಮೂವತ್ತೊಂದು ವರ್ಷ ಸಮವಸ್ತ್ರದ ಕಾರ್ಖಾನೆಯಲ್ಲಿ ಕಾಲರ್ ಹೊಲಿದವಳು ಅವಳು. ಬರೀ ಕಾಲರ್, ತೋಳು ಬೇರೆಯವರದು, ಗುಂಡಿ ಬೇರೆಯವರದು. ಎಂಬತ್ತು ಯಂತ್ರಗಳು ಒಟ್ಟಿಗೆ ಗಿರಗುಟ್ಟುವ ಸದ್ದಿನಲ್ಲಿ ಕಿರುಚಿ ಮಾತಾಡಿ ಬದುಕಿದವಳಿಗೆ ಈ ಮನೆಯ ಮೌನ ಕಿವಿಯಲ್ಲಿ ಹತ್ತಿ ತುರುಕಿದ ಹಾಗಾಗುತ್ತಿತ್ತು. ಗಂಡ ಹೋದ ಮೇಲೆ ಮಗ, "ಒಬ್ಬಳೇ ಯಾಕಮ್ಮ ಇರ್ತೀಯಾ, ಬಂದುಬಿಡು," ಎಂದು ಕರೆತಂದು ನಾಲ್ಕು ವರ್ಷವಾಗಿತ್ತು. ಅವನು ಹಾಗೆ ಹೇಳಿದ್ದನ್ನು ನೆನೆದು ಒಮ್ಮೊಮ್ಮೆ ಅವಳು ರೇಡಿಯೊದ ಜೊತೆ ನಗುತ್ತಿದ್ದಳು.

ಮೂರನೆಯ ಬುಧವಾರ ಒಂದು ವಿಚಿತ್ರ ನಡೆಯಿತು. ಊಟಕ್ಕೆ ಕೂತ ಗಿಣಿ ಯಾರೂ ಕೇಳದೆ ಮಾತಾಡಿದಳು.

"ಅಲ್ಲಿ ಒಬ್ರು ಟೀಚರಮ್ಮ ಇದಾರೆ. ಭೂಗೋಳ ಹೇಳ್ಕೊಡ್ತಿದ್ರಂತೆ. ಈಗ ಕಣ್ಣು ಪೂರ್ತಿ ಮಂಜು. ನಾನು ನಕ್ಷೆ ಇಟ್ಕೊಂಡು ಎತ್ತರ ತೋರಿಸೋ ಗೆರೆ ಹೇಗಿದೆ ಅಂತ ಹೇಳಿದ್ರೆ ಸಾಕು, ಬೆಟ್ಟ ಹೇಗಿರುತ್ತೆ ಅಂತ ಕೂತಲ್ಲೇ ಹೇಳ್ತಾರೆ!" ಅವಳು ಮೇಜಿನ ಬಟ್ಟೆಯನ್ನು ಎರಡು ಕೈಯಲ್ಲಿ ಒತ್ತಿ ಮಡಿಕೆ ಮಾಡಿದಳು. "ನೋಡು, ಗೆರೆ ಒತ್ತೊತ್ತಾಗಿದ್ರೆ ಕಡಿದಾದ ಏರು. ದೂರ ದೂರ ಇದ್ರೆ ಸಲೀಸು."

"ಲೋಟ ಬೀಳುತ್ತೆ ಕಣೇ," ಅಂದಳು ಅವಳಮ್ಮ. ಆದರೆ ಮುಖ ಅರಳಿತ್ತು.

ಅಜ್ಜಿಗೂ ಹುರುಪು ಬಂತು. "ನಾನೂ ನಿಮ್ಮ ತಾತನೂ ಮದುವೆಯಾದ ಹೊಸತರಲ್ಲಿ ಒಂದ್ಸಲ ಬೆಟ್ಟಕ್ಕೆ ಅಂತ ಹೋಗಿ…"

"ಚಪ್ಪಲಿ ಕಿತ್ತು ಬರಿಗಾಲಲ್ಲಿ ಇಳಿದ್ರಿ. ಗೊತ್ತು ಅಜ್ಜಿ, ಹೇಳಿದೀಯ."

ಹೇಳಿದ್ದು ನಿಜ. ಎಷ್ಟು ಸಲ ಎಂಬುದು ಮಾತ್ರ ಅಜ್ಜಿಗೆ ನೆನಪಿರಲಿಲ್ಲ. ಗಿಣಿ ಟೀಚರಮ್ಮನ ಕತೆ ಮುಂದುವರಿಸಿದಳು. ಅಜ್ಜಿ ಎಲ್ಲರ ತಟ್ಟೆಗೂ ಬೀನ್ಸ್ ಬಡಿಸಿದಳು, ಬೇಡ ಅಂದವರಿಗೂ.

*

ಐದನೆಯ ಬುಧವಾರ ಅಜ್ಜಿ ಒಳ್ಳೆಯ ಸೀರೆಯುಟ್ಟು, ಕಂಬಿ ಹಿಡಿದುಕೊಂಡು ಐವತ್ತನಾಲ್ಕು ಮೆಟ್ಟಿಲು ಇಳಿದಳು. ಕಾಲುವೆಯ ಪಕ್ಕದ ಕಟ್ಟಡ ಎರಡು ಸ್ಟಾಪು ದೂರ. ಬಾಗಿಲ ಬಳಿ ಮೇಜು ಹಾಕಿಕೊಂಡು ಕೂತಿದ್ದ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ಕುರ್ಚಿ ಕೊಟ್ಟು, ನೀರು ಕೊಟ್ಟು, ಪುಸ್ತಕ ತೆರೆದಳು. ಹೆಸರಾಯಿತು, ವಯಸ್ಸಾಯಿತು, ಮೊದಲು ಮಾಡುತ್ತಿದ್ದ ಕೆಲಸವಾಯಿತು.

"ಮನೇಲಿ ಯಾರ್ಯಾರಿದೀರಮ್ಮ?"

"ಯಾರೂ ಇಲ್ಲ."

ಬಾಯಿಂದ ಬಿದ್ದೇಹೋಯಿತು. 'ಹಗಲು ಹೊತ್ತು' ಎಂದು ಸೇರಿಸಲು ಅವಳಿಗೆ ಬೇಕಾದಷ್ಟು ಸಮಯವಿತ್ತು. ಮೇಲ್ವಿಚಾರಕಿ ಪೆನ್ನು ತಡೆದು, ಮರುಕದಿಂದ ನೋಡಿ, ಬರೆದುಕೊಂಡಳು. ಆ ಮರುಕ ಬಿಸಿನೀರಿನ ಹಾಗೆ ಹಿತವಾಗಿತ್ತು. ಅಜ್ಜಿ ಸೇರಿಸಲಿಲ್ಲ.

ನಾಲ್ಕು ಗಂಟೆಗೆ ಒಳಗಿನ ಹಜಾರದಿಂದ ನಗು ಕೇಳಿಸಿತು. ಯಾರೋ ಹುಡುಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಎಂಥ ಚೆಂದದ ನಗು ಎಂದುಕೊಂಡ ಮೇಲೆಯೇ ಅಜ್ಜಿಗೆ ಅದು ಯಾರದೆಂದು ಹೊಳೆದದ್ದು. ಕಿಟಕಿಯ ಬಳಿ ತೆಳ್ಳಗಿನ ಮುದುಕಿಯೊಬ್ಬಳ ಕೈಗೆ ಕೈ ಕೊಟ್ಟು, ಅವಳ ಬೆರಳನ್ನು ನಕ್ಷೆಯ ಮೇಲೆ ಓಡಿಸುತ್ತ ಗಿಣಿ ಕೂತಿದ್ದಳು.

ಆಮೇಲೆ ಅವಳು ಚಹಾದ ತಟ್ಟೆ ಹಿಡಿದು ಒಬ್ಬೊಬ್ಬರ ಹತ್ತಿರ ಬಂದಳು. ಅಜ್ಜಿಯ ಮುಂದೆ ಬಂದಾಗ ಲೋಟಗಳು ಒಂದಕ್ಕೊಂದು ಬಡಿದು ಸದ್ದಾದವು.

"ಸಕ್ಕರೆ ಎಷ್ಟು ಹಾಕ್ಲಿ… ನಿಮಗೆ?" ಅಂದಳು ಗಿಣಿ.

ಮಾತು ಕಲಿತಾಗಿನಿಂದ 'ನೀನು' ಎಂದೇ ಕರೆಯುತ್ತಿದ್ದ ಮಗು. ಆ 'ನಿಮಗೆ' ಅಜ್ಜಿಗೆ ಮುಳ್ಳು ಚುಚ್ಚಿದ ಹಾಗಾಯಿತು. ಆದರೂ, "ಎರಡು ಚಮಚ ಹಾಕಮ್ಮ," ಅಂದಳು.

ಮೇಲ್ವಿಚಾರಕಿ ದೂರದಿಂದಲೇ ಕೂಗಿದಳು: "ಹೊಸಬರು ಅವರು, ಕಾಲರ್ ಅಜ್ಜಿ! ಪಾಪ, ಮನೇಲಿ ಯಾರೂ ಇಲ್ಲ. ಸ್ವಲ್ಪ ಹೊತ್ತು ಅವರ ಜೊತೆ ಕೂತ್ಕೋ ಪುಟ್ಟ."

ಗಿಣಿ ಕುರ್ಚಿ ಎಳೆದುಕೊಂಡು ಕೂತಳು. ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು: "ಯಾಕೆ ಬಂದೆ? ಯಾರೂ ಇಲ್ಲ ಅಂತ ಬೇರೆ ಹೇಳಿದೀಯ!"

"ಬಾಯಿ ತಪ್ಪಿ ಬಂತು ಕಣೇ."

"ಈಗ ಹೇಳಿದ್ರೆ ನನ್ನ ಮರ್ಯಾದೆ ಏನಾಗುತ್ತೆ? ಸುಮ್ನಿರು." ಅವಳು ಸುತ್ತ ನೋಡಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಎಲ್ಲರಿಗೂ ಕೇಳುವ ದನಿಯಲ್ಲಿ ಕೇಳಿದಳು: "ಕಾರ್ಖಾನೇಲಿ ಕೆಲಸ ಹೇಗಿತ್ತು ಅಜ್ಜಿ, ನಿಮಗೆ?"

ಮೊದಲ ದಿನ ಅದು ಬರೀ ಶಾಸ್ತ್ರ. ಮುಂದಿನ ಬುಧವಾರ ಗಿಣಿ ಬೈಯಲಿಲ್ಲ. ಅದರ ಮುಂದಿನ ಬುಧವಾರ ತಾನಾಗಿಯೇ ಕುರ್ಚಿ ತಂದಳು. ಮನೆಯಲ್ಲಿ ಇಬ್ಬರೂ ಈ ಮಾತೆತ್ತುತ್ತಿರಲಿಲ್ಲ. ಅಲ್ಲಿ ಹೋದರೆ 'ನೀವು'. ಆ 'ನೀವು' ಎಂಬುದಕ್ಕೆ ಅಜ್ಜಿ ಒಗ್ಗಿಹೋದಳು. ಹೊಸಬರ ಮುಂದೆ ಕೂತ ಹಾಗೆ ಹಳೆಯ ಕತೆ ಬಿಟ್ಟು ಬೇರೆ ಕತೆ ಹುಡುಕಬೇಕಾಗುತ್ತಿತ್ತು. ಹುಡುಕಿದರೆ ಸಿಗುತ್ತಿತ್ತು ಕೂಡ.

"ಮೊದಲ ವರ್ಷ ಕಾರ್ಖಾನೇಲಿ ನನ್ನನ್ನ ಯಾರೂ ಸೇರಿಸ್ಕೊಳ್ತಿರ್ಲಿಲ್ಲ," ಅಂದಳು ಒಂದು ದಿನ. "ಊಟದ ಡಬ್ಬಿ ತಗೊಂಡು ಯಂತ್ರದ ಹಿಂದೆ ಕೂತು ತಿಂತಿದ್ದೆ."

"ಇದು ನಂಗೆ ಗೊತ್ತೇ ಇರ್ಲಿಲ್ಲ," ಅಂದಳು ಗಿಣಿ. ಸ್ವಲ್ಪ ಹೊತ್ತು ಉಗುರು ಕೆರೆದುಕೊಂಡಳು. "ಬೆಟ್ಟಕ್ಕೆ ನಾಲ್ಕು ನಾಲ್ಕು ಜನ ಸೇರಿ ಗುಂಪು ಮಾಡ್ಕೊಳ್ಳಿ ಅಂದ್ರು. ಎಲ್ರೂ ಮಾಡ್ಕೊಂಡ್ರು. ನನ್ನ ಯಾರೂ ಕರೀಲಿಲ್ಲ. ಕೊನೆಗೆ ಮೇಷ್ಟ್ರು ಒಂದು ಗುಂಪಿಗೆ ತುರುಕಿದ್ರು. ಆ ಮೂವರೂ ಮುಖ ಮುಖ ನೋಡ್ಕೊಂಡ್ರು. ನಂಗೆ ಕಾಣುತ್ತೆ, ಕಾಣಲ್ಲ ಅಂತ ಅವರು ಅನ್ಕೊಂಡಿದಾರೆ."

ಅಜ್ಜಿಯ ಕೈ ತಾನಾಗಿ ಅವಳ ತಲೆಯತ್ತ ಹೋಯಿತು. ಪರಿಚಯವಿಲ್ಲದವರು ಹಾಗೆ ತಲೆ ಸವರುವುದಿಲ್ಲ ಎಂದು ನೆನಪಾಗಿ ಹಿಂದಕ್ಕೆ ಬಂತು.

"ಮನೇಲಿ ಹೇಳಿದ್ಯೇನಮ್ಮ ಇದನ್ನ?"

"ಇಲ್ಲ. ಅಮ್ಮ ಬೇಜಾರು ಮಾಡ್ಕೋತಾಳೆ. ನಿಮಗೆ ಹೇಳೋದು ಸುಲಭ."

ಮನೆಗೆ ಹೋಗುವಾಗ ಗಿಣಿ ಮೊದಲು ಬಂದ ಬಸ್ಸು, ಅಜ್ಜಿ ಅದರ ನಂತರದ ಬಸ್ಸು. ಸ್ಟಾಪಿನಲ್ಲಿ ಒಬ್ಬಳೇ ನಿಂತ ಅಜ್ಜಿಗೆ ಮನಸ್ಸು ತುಂಬಿದ ಹಾಗೂ ಇತ್ತು, ಏನೋ ಕದ್ದು ತಿಂದ ಹಾಗೂ ಇತ್ತು.

*

ಗುಟ್ಟು ರಟ್ಟಾದದ್ದು ಲ್ಯಾಬಿನಲ್ಲಿ. ಟೀಚರಮ್ಮನಿಗೆ ರಕ್ತಪರೀಕ್ಷೆ ಮಾಡಿಸಲು ಬಂದ ಮೇಲ್ವಿಚಾರಕಿ, ಸೊಸೆಯ ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿ, ಮಾತಿಗೆ ಮಾತು ಸೇರಿ, "ಓ, ಆ ಹುಡುಗಿ ತಾಯಿನಾ ನೀವು! ಚಿನ್ನದಂಥ ಮಗಳು. ನಮ್ಮಲ್ಲಿ ಕಾಲರ್ ಅಜ್ಜಿ ಅಂತ ಒಬ್ರು ಅನಾಥೆ ಬರ್ತಾರೆ, ಅವರನ್ನ ಸ್ವಂತ ಅಜ್ಜಿ ಥರ ನೋಡ್ಕೋತಾಳೆ," ಅಂದಳಂತೆ.

ಅವತ್ತು ಸೊಸೆ ಬಂದವಳೇ ಕೈಚೀಲವನ್ನು ಮೇಜಿನ ಮೇಲೆ ಎಸೆದಳು. ಅಡುಗೆ ಬಿಸಿ ಮಾಡಲಿಲ್ಲ. ಗಂಡ ಬರುವವರೆಗೂ ಕಾದು, ಅವನು ಕೈಗೆ ಮೆತ್ತಿದ ಗ್ರೀಸು ತೊಳೆಯುತ್ತಿರುವಾಗಲೇ ಶುರು ಮಾಡಿದಳು.

"ಕೇಳಿದ್ರಾ? ನಿಮ್ಮಮ್ಮ ಅನಾಥೆಯಂತೆ! ನಾವೆಲ್ಲ ಇಲ್ಲದವರಾಗಿಬಿಟ್ವಿ. ಯಾಕೆ ಅತ್ತೆ, ಏನು ಕಡಿಮೆ ಮಾಡಿದೀವಿ ನಿಮಗೆ? ಹೊತ್ತು ಹೊತ್ತಿಗೆ ಮಾತ್ರೆ ಎತ್ತಿಟ್ಟು ಹೋಗ್ತೀನಿ, ಮಂಡಿಗೆ ಎಣ್ಣೆ ತಂದಿಡ್ತೀನಿ. ಆ ಹೆಂಗಸಿನ ಮುಂದೆ ನಂಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು!"

"ಏನೂ ಕಡಿಮೆ ಮಾಡಿಲ್ಲ ಕಣಮ್ಮ."

"ಮತ್ತೆ?" ಮಗನ ದನಿ ಸಣ್ಣದಾಗಿತ್ತು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಯಾರೂ ಇಲ್ಲ ಅಂದ್ಯಾ ಅಮ್ಮ? ನಾನಿದ್ದೂ?"

"ಅನ್ನ ಹಾಕಿದೀರಪ್ಪ, ಔಷಧಿ ಕೊಡಿಸಿದೀರ. ಇಲ್ಲ ಅನ್ನಲ್ಲ. ಆದ್ರೆ ಬೆಳಿಗ್ಗೆಯಿಂದ ಸಂಜೆವರೆಗೂ ಈ ಮನೇಲಿ ನನ್ನ ಬಾಯಿಂದ ಒಂದು ಮಾತು ಹೊರಡಲ್ಲ ಕಣೋ. ಮೊನ್ನೆ ಬಾಗಿಲು ತಟ್ಟಿದವನಿಗೆ ಯಾರು ಅಂತ ಕೇಳೋಕೆ ಹೋದ್ರೆ ಗಂಟಲೇ ಹತ್ಕೊಂಡಿತ್ತು."

ಗಿಣಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ತಾಯಿ ಅವಳತ್ತ ತಿರುಗಿದಳು. "ನೀನೋ! ಗೊತ್ತಿದ್ದೂ ಆ ಗಂಟೆಗಳಿಗೆ ಕೇಂದ್ರದವರ ಹತ್ರ ಸಹಿ ಹಾಕಿಸ್ಕೊಂಡೆ. ನಾಳೆ ನಿಮ್ಮ ಮೇಷ್ಟ್ರಿಗೆ ನೀನೇ ಹೇಳ್ಬೇಕು."

ಗಿಣಿ ಹೇಳಿದಳು. ಕಾಗದದ ಹಿಂಭಾಗದಲ್ಲಿ ಬರೆದದ್ದೇ ಕೊನೆಗೂ ನಿಂತಿತು: ಮನೆಯವರು ಲೆಕ್ಕಕ್ಕಿಲ್ಲ. ಅಜ್ಜಿಯ ಜೊತೆ ಕೂತ ಮೂರು ಬುಧವಾರಗಳ ಗಂಟೆ ರದ್ದು. ಹೊರಡುವ ಮೊದಲು ಅದನ್ನು ತುಂಬಿಕೊಡದಿದ್ದರೆ ಬೆಟ್ಟವೂ ಇಲ್ಲ.

"ನಿನ್ನಿಂದ ಆಗಿದ್ದು!" ಅಂದಳು ಅವಳು ಅಜ್ಜಿಗೆ. ಮನೆಗೆ ಬಂದ ಮೇಲೆ 'ನೀನು' ಮತ್ತೆ ಬಂದಿತ್ತು.

ಉಳಿದ ಬುಧವಾರಗಳನ್ನು ಕೇಂದ್ರದಲ್ಲೇ ಮುಗಿಸಿ, ರದ್ದಾದ ಗಂಟೆಗಳಿಗಾಗಿ ಮೂರು ಶನಿವಾರ ರಬ್ಬರಿನ ಗ್ಲೌಸು ಹಾಕಿಕೊಂಡು ಕಾಲುವೆಯ ದಂಡೆಯಲ್ಲಿ ಪ್ಲಾಸ್ಟಿಕ್ ಬಾಟಲಿ ಹೆಕ್ಕಿದಳು. ಅಜ್ಜಿ ಕೇಂದ್ರದ ಕಡೆ ತಲೆ ಹಾಕಲಿಲ್ಲ.

ಮಗ ತನ್ನದೇ ದಾರಿ ಹುಡುಕಿದ. ದಿನಾ ಸಂಜೆ ಹತ್ತು ನಿಮಿಷ ಅಮ್ಮನ ಮಂಚದ ತುದಿಯಲ್ಲಿ ಬಂದು ಕೂರತೊಡಗಿದ. "ಊಟ ಆಯ್ತಾ ಅಮ್ಮ?" ಎಂದು ಕೇಳುತ್ತಿದ್ದ, ಎದುರು ಬದುರು ಕೂತು ಉಂಡು ಕೈ ತೊಳೆದು ಬಂದವನು. "ಆಯ್ತಪ್ಪ. ನಿಂದು?" "ಆಯ್ತು." ಆಮೇಲೆ ಇಬ್ಬರೂ ಗಡಿಯಾರ ನೋಡುತ್ತಿದ್ದರು. ಅವನು ಯಾವುದಾದರೂ ಕಟ್ಟಡದ ಹೆಸರು ಹೇಳಿ, ಅಲ್ಲಿನ ಲಿಫ್ಟಿನ ಹಗ್ಗ ಸವೆದಿದೆ ಅನ್ನುತ್ತಿದ್ದ. ಅಜ್ಜಿ ಹೌದಾ ಅನ್ನುತ್ತಿದ್ದಳು. ಫೋನು ಬಡಿದುಕೊಂಡರೆ ಇಬ್ಬರಿಗೂ ನಿರಾಳ. ಎರಡು ವಾರದಲ್ಲಿ ಹತ್ತು ನಿಮಿಷ ಐದಾಯಿತು, ಆಮೇಲೆ ಬಾಗಿಲಲ್ಲೇ ನಿಂತು ಕೇಳಿ ಹೋಗುವಷ್ಟಾಯಿತು. ಅಜ್ಜಿಗೆ ಸಿಟ್ಟು ಬರಲಿಲ್ಲ. ಪಾಪ, ದುಡಿದು ಸುಸ್ತಾಗಿ ಬಂದ ಮಗ.

*

ಬೆಟ್ಟಕ್ಕೆ ಹೊರಡುವ ಹಿಂದಿನ ದಿನ ಸೊಸೆ ಲ್ಯಾಬಿನ ಯಾರದೋ ಹಳೆಯ ಬೆನ್ನುಚೀಲ ಎರವಲು ತಂದಳು. ಭುಜದ ಪಟ್ಟಿ ಅರ್ಧ ಕಿತ್ತುಬಂದಿತ್ತು. ಅಜ್ಜಿ ಕೇಳದೆ ಅದನ್ನು ತೊಡೆಯ ಮೇಲೆ ಎಳೆದುಕೊಂಡು, ದಪ್ಪ ದಾರದಲ್ಲಿ ಎರಡೆರಡು ಸಾಲು ಹೊಲಿಗೆ ಹಾಕಿ, ಹಲ್ಲಿನಲ್ಲಿ ದಾರ ಕಡಿದಳು. ಗಿಣಿ ಪಟ್ಟಿಯನ್ನು ಎಳೆದು ನೋಡಿದಳು.

"ಕಿತ್ತು ಬರಲ್ಲ ತಾನೇ?"

"ನೀನು ಬಿದ್ರೂ ಅದು ಕಿತ್ತು ಬರಲ್ಲ."

ಗಿಣಿಗೆ ನಗು ಬಂದೇಬಿಟ್ಟಿತು. ಸಿಟ್ಟು ಮುಗಿದದ್ದು ಹಾಗೆ.

ಅವಳಿಲ್ಲದ ಎರಡು ದಿನ ಮನೆಯಲ್ಲಿ ಮೂವರಿಗೂ ಊಟ ರುಚಿಸಲಿಲ್ಲ. ಸೊಸೆ ಹತ್ತು ಸಲ ಕಿಟಕಿಯಿಂದ ಆಕಾಶ ನೋಡಿದಳು. "ಅಲ್ಲಿ ಮೋಡ ಇದೆಯೇನೋ ಅತ್ತೆ," ಅಂದಳು. "ಇರುತ್ತೆ ಕಣಮ್ಮ, ಬೆಟ್ಟ ಅಂದ್ಮೇಲೆ," ಅಂದಳು ಅಜ್ಜಿ. ಜಗಳದ ನಂತರ ಇಬ್ಬರೂ ಅಷ್ಟು ಹೊತ್ತು ಅಕ್ಕಪಕ್ಕ ನಿಂತದ್ದು ಅದೇ ಮೊದಲು.

ಭಾನುವಾರ ಸಂಜೆ ಅಪ್ಪನ ಸ್ಕೂಟರಿನಲ್ಲಿ ಬಂದಿಳಿದ ಗಿಣಿಯ ಮುಖ ಬಿಸಿಲಿಗೆ ಕೆಂಪಾಗಿತ್ತು, ಹಿಮ್ಮಡಿಯಲ್ಲಿ ಬೊಕ್ಕೆ. "ಹೇಗಿತ್ತೇ?" ಎಂದು ಮೂವರೂ ಒಟ್ಟಿಗೆ ಕೇಳಿದರು. "ಸೂಪರ್," ಎಂದು ಹೇಳಿ ನಾಲ್ಕು ಮೊಟ್ಟೆ ತಿಂದು, ಬಟ್ಟೆ ಬದಲಿಸದೆ ನಿದ್ದೆ ಹೋದಳು.

ಮರುದಿನ ಶಾಲೆಯಿಂದ ಬಂದವಳ ಕಿವಿಗೆ ಫೋನು ಅಂಟಿಕೊಂಡಿತ್ತು. ಆ ಮೂವರಲ್ಲಿ ಒಬ್ಬಳು. ಗಿಣಿ ಅಡುಗೆಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ಹುಡುಕುತ್ತ, ನಗುತ್ತ, ಯಾರದೋ ನಡಿಗೆ ಅಣಕಿಸುತ್ತ ಮಾತಾಡುತ್ತಿದ್ದಳು. ಅಜ್ಜಿ ಚಾಕು ನಿಲ್ಲಿಸಿ ಕೇಳಿಸಿಕೊಂಡಳು.

"…ಅಲ್ಲ ಕಣೇ, ಆ ಒತ್ತೊತ್ತು ಗೆರೆ ಇರೋ ಕಡೆ ಹೋಗೋದು ಬೇಡ ಅಂತ ನಾನು ಮೊದಲೇ ಹೇಳಿದ್ನಲ್ಲ! ನೀವು ಕೇಳಿದ್ರಾ? … ಹ್ಞೂಂ, ಅವಳು ಅತ್ಲು. … ಆಮೇಲೆ ಮಂಜು ಬಂತಲ್ಲ, ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ, ಆಗ ನಾನು…"

ಅವಳು ದಾಟಿ ಹೋಗುವಾಗ ಅಜ್ಜಿಯ ಕೆನ್ನೆಗೆ ಮುತ್ತು ಕೊಟ್ಟು, ಒಂದು ಬಿಸ್ಕತ್ತು ಅವಳ ಕೈಗಿಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ನಗು ಮಾತ್ರ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಹುಡುಗಿಗೆ ಗೆಳತಿಯರು ಸಿಕ್ಕರಲ್ಲ ಎಂದು ಅಜ್ಜಿಗೆ ನಿಜಕ್ಕೂ ಸಂತೋಷವಾಯಿತು. ಬಿಸ್ಕತ್ತನ್ನು ಮಾತ್ರ ಪಕ್ಕಕ್ಕಿಟ್ಟು ಮತ್ತೆ ಚಾಕು ಎತ್ತಿಕೊಂಡಳು.

ಮಂಗಳವಾರ ರಾತ್ರಿ ಊಟದಲ್ಲಿ ಕೇಳಿದಳು: "ನಾಳೆ ಕೇಂದ್ರಕ್ಕೆ ಹೋಗ್ತೀಯೇನೇ?"

"ಮುಗೀತಲ್ಲ ಅಜ್ಜಿ. ಹನ್ನೆರಡು ಗಂಟೆ ಆಯ್ತು. ನಾಳೆ ನಾವು ನಾಲ್ವರೂ ಈಜೋಕೆ ಹೋಗ್ತಿದೀವಿ."

"ಟೀಚರಮ್ಮ ಕಾಯ್ತಾರೇನೋ."

"ಹೋಗ್ತೀನಿ ಒಂದಿನ," ಅಂದಳು ಗಿಣಿ. ಒಳ್ಳೆಯ ಮನಸ್ಸಿನಿಂದಲೇ ಅಂದಳು.

*

ಬುಧವಾರ ಅಜ್ಜಿ ಮತ್ತೆ ಮೆಟ್ಟಿಲು ಇಳಿದಳು. ಮೇಲ್ವಿಚಾರಕಿಯ ಮೇಜಿನ ಮುಂದೆ ತಲೆ ತಗ್ಗಿಸಿ ನಿಂತು, "ಅವತ್ತು ಸುಳ್ಳು ಹೇಳಿದ್ದೆ, ತಪ್ಪಾಯ್ತು," ಅಂದಳು. ಮೇಲ್ವಿಚಾರಕಿಗೆ ವಿಷಯ ಮುಂಚೆಯೇ ತಿಳಿದಿತ್ತು. ಮುಖ ಸ್ವಲ್ಪ ಬಿಗಿದುಕೊಂಡಳಾದರೂ, "ಹಗಲು ಹೊತ್ತು ಒಬ್ಬರೇ ಇರೋರೂ ಬರಬಹುದಮ್ಮ," ಎಂದು ಒಳಗೆ ಬಿಟ್ಟಳು.

ಕಿಟಕಿಯ ಬಳಿ ಟೀಚರಮ್ಮ ಕೂತಿದ್ದಳು. ಪಕ್ಕದ ಕುರ್ಚಿಯ ಮೇಲೆ ಕೈಯಿಟ್ಟು ಯಾರಿಗೋ ಜಾಗ ಹಿಡಿದಿದ್ದಳು. ಗಂಟೆ ನಾಲ್ಕಾಗಿತ್ತು. ಹೆಜ್ಜೆಯ ಸದ್ದಿಗೆ ಮುಖ ಇತ್ತ ತಿರುಗಿತು, ಅರಳಿತು.

"ಬಂದ್ಯಾ?"

"ನಾನು ಅವಳಜ್ಜಿ," ಅಂದಳು ಅಜ್ಜಿ. "ಅವಳಿಗೆ ಇವತ್ತು… ಶಾಲೇಲಿ ಕೆಲಸ ಇತ್ತು."

"ಹೌದಾ." ಟೀಚರಮ್ಮ ಕುರ್ಚಿಯ ಮೇಲಿನ ಕೈ ತೆಗೆದಳು. "ಕೂತ್ಕೊಳ್ಳಿ. ಬೆಟ್ಟಕ್ಕೆ ಹೋಗಿ ಬಂದ್ಲಾ? ಹೇಗಾಯ್ತು? ಆ ಉತ್ತರದ ಕಡೆ ಒತ್ತೊತ್ತು ಗೆರೆ ಇತ್ತು, ಅಲ್ಲಿ ಹೋಗ್ಬೇಡ ಅಂತ ಸಾವಿರ ಸಲ ಹೇಳಿದ್ದೆ."

"ಇವಳೂ ಅದನ್ನೇ ಹೇಳಿದ್ಲಂತೆ. ಉಳಿದವರು ಕೇಳ್ಲಿಲ್ಲ. ಅತ್ತ ಕಡೆನೇ ಹತ್ತಿದ್ರು. ಒಬ್ಬಳು ಹುಡುಗಿ ಅತ್ತೇ ಬಿಟ್ಲಂತೆ."

"ಅಯ್ಯೋ! ಆಮೇಲೆ?"

"ಆಮೇಲೆ ಮಂಜು ಮುಸುಕಿಬಿಡ್ತು. ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ."

ಟೀಚರಮ್ಮ ತಲೆದೂಗಿದಳು. ಕಾಣದ ಕಣ್ಣು ಕಿಟಕಿಯ ಬೆಳಕಿನ ಕಡೆಗಿತ್ತು. "ನಿಮಗೆ ಎಲ್ಲಾ ಹೇಳ್ತಾಳೆ ಅಲ್ವಾ? ನನ್ನ ಮೊಮ್ಮಕ್ಕಳು ಹಬ್ಬಕ್ಕೊಂದು ಫೋನು, ಅಷ್ಟೇ. ಪುಣ್ಯವಂತರು ನೀವು."

"ಹ್ಞೂಂ," ಅಂದಳು ಅಜ್ಜಿ. "ನನ್ನ ಹತ್ರ ಏನೂ ಮುಚ್ಚಿಡಲ್ಲ."

"ಮತ್ತೆ ಹೇಳಿ. ಮಂಜು ಬಂದಾಗ ಏನ್ಮಾಡಿದ್ಲು?"

ಅಜ್ಜಿ ಸೆರಗು ಸರಿಮಾಡಿಕೊಂಡಳು. ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದಳು. ಟೀಚರಮ್ಮನ ಕೈ ಅವಳ ಮಣಿಕಟ್ಟಿನ ಮೇಲೆ ಬಂದು ಕೂತು ಕಾಯುತ್ತಿತ್ತು.

"ಆಗ ನಮ್ಮ ಗಿಣಿ," ಅಂದಳು ಅಜ್ಜಿ, ಒಮ್ಮೆ ಉಸಿರೆಳೆದುಕೊಂಡು, ಮುಂದಿನದನ್ನೆಲ್ಲ ತಾನೇ ಕಟ್ಟುತ್ತ, "ಆ ಮೂವರನ್ನೂ ಹತ್ತಿರ ಕರೆದು, ಎಲ್ರೂ ನನ್ನ ಕೈ ಹಿಡ್ಕೊಳ್ಳಿ ಅಂದ್ಲಂತೆ…"